‘ಹೆಣ’ ಎಂಬ ಮಾತು ಎಲ್ಲಿ ಬಂತು ನೋಡು

ಪ್ರೀತಿಯ ತಂಗೀ,

ಅಜ್ಜಿಯ ಸಾವಿನ ಬಗ್ಗೆ ನೀನು ಬರೆದ ಪದ್ಯ ಕೈಸೇರಿ ಒಂದು ವಾರವಾಯಿತು. ಮೂರು ಸಲ ಓದಿದೆ. ದೀಪ ಆರಿತು, ಹಕ್ಕಿ ಹಾರಿತು, ದೋಣಿ ದಡ ಸೇರಿತು. ಹನ್ನೆರಡೇ ಸಾಲಿನಲ್ಲಿ ಇಷ್ಟೆಲ್ಲ ಇದೆ, ಅಜ್ಜಿ ಮಾತ್ರ ಕಾಣಲಿಲ್ಲ. ಒಂದು ಸಾಲಿನಲ್ಲಿ ಅವರ ಎಲೆಅಡಿಕೆ ಚೀಲ ಬಂದು ಹೋಯಿತು. ಅದರ ಮಾತು ಆಮೇಲೆ.

ಮೊದಲು ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ತೆಗೆದುಕೋ. ಕೂಸಿನ ಪಕ್ಕ ಕೂತ ಹೆಂಡತಿಗೆ ಗಂಡ ಆಡುವ ಮಾತೇ ಈ ಪದ್ಯ. ಕಾಲೇಜಿನಲ್ಲಿ ಓದಿದ್ದೇನೆ ಎಂದು ನೀನು ಬರೆದಿದ್ದೆ. ವಸ್ತು ಪುತ್ರಶೋಕ ಎಂದು ಬರೆಸಿ, ಉಪಮೆ ರೂಪಕಗಳ ಕೆಳಗೆ ಗೆರೆ ಎಳೆಸಿ ಮುಗಿಸಿರುತ್ತಾರೆ, ಅಲ್ವಾ? ಪರೀಕ್ಷೆಗೆ ಅಷ್ಟು ಸಾಕು. ಬರೆಯುವವಳಿಗೆ ಸಾಲದು. ಈಗ ಅದನ್ನು ಗಟ್ಟಿಯಾಗಿ ಓದು. ನೀನು ಮಂಡ್ಯದ ಕಡೆಯವಳು, ಧಾರವಾಡದ ಮಾತು ಮೊದಲು ತೊಡರುತ್ತದೆ. ಎರಡನೇ ಸಲಕ್ಕೆ ನಾಲಿಗೆ ತಾನೇ ಒಗ್ಗಿಕೊಳ್ಳುತ್ತದೆ.

ಬೇಂದ್ರೆ ಒಂದಲ್ಲ, ಹಲವು ಮಕ್ಕಳನ್ನು ಕಳೆದುಕೊಂಡವರು. ಆದರೂ ಪದ್ಯದಲ್ಲಿ ಕೂಸಿನ ಬಗ್ಗೆ ಇರುವುದು ಎಷ್ಟು? ‘ಮಲಗಿರುವ ಕೂಸು ಮಲಗಿರಲಿ ಅಲ್ಲೆ’. ಅಷ್ಟೇ. ಉಸಿರು ಇದೆಯೋ ಹೋಗಿದೆಯೋ, ಬಿಡಿಸಿ ಹೇಳುವುದಿಲ್ಲ. ಗಂಡನ ಕಣ್ಣು ಪೂರ್ತಿ ಹೆಂಡತಿಯ ಮುಖದ ಮೇಲಿದೆ. ಸಾವು ಕೈ ಸವರಿ ಹೋಗಿರುವುದು ಅವಳ ಗದ್ದ, ಹಣೆ, ಕಣ್ಣಿನ ಮೇಲೆ. ಕೂಸಿನ ಕಡೆ ನೋಡುವ ಧೈರ್ಯ ಅವನಿಗಿಲ್ಲ. ಅವಳು ತನ್ನನ್ನು ನೋಡುವುದನ್ನೂ ತಡೆದುಕೊಳ್ಳಲಾರ.

‘ಹೆಣ’ ಎಂಬ ಮಾತು ಈ ಪದ್ಯದಲ್ಲಿ ಒಂದೇ ಸಲ ಬರುತ್ತದೆ. ಎಲ್ಲಿ ಗೊತ್ತಾ? ‘ಹುಣ್ಣಿವಿ ಚಂದಿರನ ಹೆಣಾ ಬಂತೊ ಮುಗಿಲಾಗ ತೇಲತ ಹಗಲ’. ಅವಳ ಮುಖ ಕಂಡು ದಿಗಿಲಾಗಿ ಆಡಿದ ಮಾತು ಇದು. ಕೂಸಿಗೆ ಆ ಮಾತನ್ನು ಹಚ್ಚಲು ತಂದೆಗೆ ಬಾಯಿ ಬರಲಿಲ್ಲ. ಅದು ಹೋಗಿ ಚಂದ್ರನ ಮೇಲೆ ಬಿತ್ತು. ನನಗೆ ಈ ಸಾಲು ಬಹಳ ವರ್ಷ ಬರೀ ಚಂದದ ಕಲ್ಪನೆ ಅನಿಸಿತ್ತು. ಹುಣ್ಣಿಮೆ ಕಳೆದ ಮರುದಿನವೋ ಅದರ ಮಾರನೇ ದಿನವೋ ಬೆಳಗ್ಗೆ ಬಿಸಿಲೇರುವಾಗ ಪಡುವಣ ಕಡೆ ನೋಡು. ಚಂದ್ರ ಇನ್ನೂ ಅಲ್ಲೇ ಇರುತ್ತಾನೆ. ದುಂಡಗೇ ಇರುತ್ತಾನೆ. ಬೆಳಕು ಮಾತ್ರ ಇರುವುದಿಲ್ಲ. ಒಂದು ಬೆಳಗ್ಗೆ ಬಸ್ಸಿಗೆ ಕಾಯುತ್ತಾ ನಿಂತು ಅದನ್ನು ಕಂಡೆ, ಮೈ ಜುಂ ಎಂದಿತು. ರೂಪಕ ಎಂದು ನಾನು ಗೆರೆ ಎಳೆದಿದ್ದ ಸಾಲು ಕಣ್ಣಾರೆ ಕಂಡ ಸಂಗತಿಯಾಗಿತ್ತು.

ಅದಕ್ಕೂ ಮೊದಲು ಅವಳ ಕಣ್ಣು ಹೇಗಿದ್ದವು ಎಂದು ಹೇಳಲು ಕವಳಿ ಹಣ್ಣು ಬರುತ್ತದೆ. ಮುಳ್ಳುಕಂಟಿಯಲ್ಲಿ ಬಿಡುವ ಪುಟ್ಟ ಕಪ್ಪು ಹಣ್ಣು ಅದು, ಇಬ್ಬನಿ ತೊಳೆದರೂ ಹಾಲು ಮೆತ್ತಿಕೊಂಡೇ ಇರುವ ಹಣ್ಣು. ಕವಳಿ ಕಿತ್ತು ನೋಡಿದ್ದೀಯಾ? ತೊಟ್ಟಿನಲ್ಲಿ ಬೆಳ್ಳಗೆ ಹಾಲು ಒಸರುತ್ತದೆ, ಬೆರಳಿಗೆ ಅಂಟುತ್ತದೆ. ಕಪ್ಪಗೆ ಹೊಳೆಯುವ ಕಣ್ಣಿಗೆ ಅದು ಸರಿಯಾದ ಹೋಲಿಕೆ, ಒಪ್ಪಿದೆ. ಆದರೆ ಕೂಸು ಕಳೆದುಕೊಳ್ಳುತ್ತಿರುವ ತಾಯಿಯ ಮುಂದೆ ‘ಹಾಲು’ ಎಂದರೆ ಬರೀ ಹಣ್ಣಿನ ಹಾಲಾಗಿ ಉಳಿಯುತ್ತದೆಯೇ? ನನಗೆ ಹಾಗೆ ಅನಿಸುವುದಿಲ್ಲ. ಇದು ನನ್ನ ಓದು. ನೀನು ಒಪ್ಪಲೇಬೇಕೆಂದಿಲ್ಲ.

ಇನ್ನೊಂದು. ‘ಬೂದಿ ಮುಚ್ಚಿದ ಕೆಂಡ’ ಎಲ್ಲರೂ ಆಡಿ ಆಡಿ ಸವೆದ ಮಾತು. ಬೇಂದ್ರೆ ಅದನ್ನು ಮದುವೆಯ ಕೈಗೆ ತಂದಿಟ್ಟರು. ಧಾರೆಯ ನೀರಲ್ಲಿ ನೆನೆದ ಕೈ, ತಣ್ಣಗಿದೆ ಎಂದು ಅವಳು ಹಿಡಿದಳು. ಒಳಗೆ ಕೆಂಡ ಎಂದು ಗೊತ್ತಾದ ಮೇಲೂ ಬಿಡುತ್ತಿಲ್ಲ. ಗಾದೆ ನಂಬಿ ನನ್ನನ್ನು ದೇವರು ಎಂದುಕೊಂಡೆಯಾ ಎಂದು ಅವನು ಕೇಳುತ್ತಾನೆ. ಗಂಡನೇ ದೇವರು ಎಂಬ ಮಾತು ಅಲ್ಲಿ ಪುಡಿಪುಡಿ. ಪುತ್ರಶೋಕ ಎಂದು ಬರೆಸಿದವರು ಈ ಗಂಡಸಿನ ಕೈಲಾಗದತನವನ್ನು ಬಿಟ್ಟೇಬಿಟ್ಟರು. ನನಗೆ ಪದ್ಯದ ಜೀವ ಇರುವುದು ಅಲ್ಲೇ. ಮುಗಿಲೇ ನೆಲಕ್ಕೆ ಬಿದ್ದರೆ ನೆಲಕ್ಕೆ ನೆಲೆ ಎಲ್ಲಿ ಎನ್ನುವವನು ಸಮಾಧಾನ ಹೇಗೆ ಹೇಳಿಯಾನು?

ಕೊನೆಗೆ ಅವಳ ಕಣ್ಣಲ್ಲಿ ಮಳೆ ಕಾಲೂರಿ ನಿಂತಿದೆ, ನಡುನಡುವೆ ಹುಚ್ಚು ನಗೆ. ಆಮೇಲೆ ‘ಅತ್ತಾರೆ ಅತ್ತುಬಿಡು’ ಎನ್ನುತ್ತಾನೆ. ಎವೆ ಬಡಿ, ತುಟಿ ಕಚ್ಚಿ ಬಿಕ್ಕು ಹಿಡಿಯಬೇಡ. ಚಂದ್ರ, ಹಣ್ಣು, ಕೆಂಡ ಎಲ್ಲ ಹಿಂದೆ ಸರಿದು ಬರೀ ಎವೆ, ತುಟಿ, ಬಿಕ್ಕು ಉಳಿದವು. ಹೋಲಿಕೆ ಎಲ್ಲಿ ನಿಲ್ಲಿಸಬೇಕು ಎಂದು ನೀನು ಕೇಳಿದ್ದೆಯಲ್ಲ, ಈ ಕೊನೆಯ ನುಡಿಯನ್ನು ಕೈಯಲ್ಲಿ ಬರೆದು ನೋಡು.

ಈಗ ನಿನ್ನ ಪದ್ಯ. ದೀಪ, ಹಕ್ಕಿ, ದೋಣಿ ಮೂರನ್ನೂ ತೆಗೆ. ಅವು ಯಾರ ಅಜ್ಜಿಗಾದರೂ ಹೊಂದುತ್ತವೆ. ‘ಎಲೆಅಡಿಕೆ ಚೀಲದ ದಾರ ಬಿಗಿದೇ ಇತ್ತು’ ಎಂಬ ಸಾಲು ಇಟ್ಟುಕೋ. ಆ ಗಂಟು ಬಿಚ್ಚಿದವರು ಯಾರು? ಅಮ್ಮನಾ? ಒಳಗೆ ಏನಿತ್ತು, ಎಲೆ ಒಣಗಿತ್ತಾ? ಇನ್ನೂ ಯಾರೂ ಬಿಚ್ಚಿಲ್ಲ ಎಂದರೆ ಅದನ್ನೇ ಬರೆ. ಮುಂದಿನ ತಿಂಗಳು ನಾನು ಊರಲ್ಲೇ ಇರುತ್ತೇನೆ, ಕಳಿಸು.

ನಿನ್ನ ಅಣ್ಣ