ಫ್ರಿಜ್ ತರುವ ಮುಂಚೆ ಇದನ್ನು ಓದು

ದಾವಣಗೆರೆ

ಪ್ರೀತಿಯ ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮತ್ತೆಯ ಮಂಡಿನೋವು ಸ್ವಲ್ಪ ಇಳಿದಿದೆ. ನೀನು ಪಿಜಿ ಬಿಟ್ಟು ಗೆಳತಿ ಜೊತೆ ಬಾಡಿಗೆ ಮನೆ ಹಿಡಿದಿದ್ದು ಕೇಳಿ ಖುಷಿಯಾಯಿತು. ಫ್ರಿಜ್, ವಾಷಿಂಗ್ ಮಷೀನ್ ಎರಡನ್ನೂ ಕ್ರೆಡಿಟ್ ಕಾರ್ಡಿನಲ್ಲಿ ನೋ ಕಾಸ್ಟ್ ಇಎಂಐ, ಅಂದರೆ ಬಡ್ಡಿಯಿಲ್ಲ ಅನ್ನುವ ತಿಂಗಳ ಕಂತು, ಹಾಕಿಸಿ ತರುತ್ತೀಯಂತೆ, ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಹೇಳಿದಳು ಅನ್ನುವುದಕ್ಕಿಂತ ದೂರಿದಳು ಅನ್ನಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚುವ ವಿಷಯ ಅವಳು ಆಗಲೇ ಹೇಳಿ ಮುಗಿಸಿರುತ್ತಾಳೆ. ನಾನು ಆ ಕಡೆ ಹೋಗುವುದಿಲ್ಲ.

ನಿನಗೆ ಗೊತ್ತಲ್ಲ, ನಾನು ಹೋಮ್ ಅಪ್ಲಯನ್ಸ್ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತೇ ತಲೆ ನರೆಸಿಕೊಂಡವನು. ಇಎಂಐ ಕೆಟ್ಟದ್ದು ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ಎಷ್ಟೋ ಮನೆಗಳಿಗೆ ಫ್ರಿಜ್ ಹೋಗಿದ್ದೇ ಕಂತಿನ ಮೇಲೆ. ಆದರೆ ಕಾರ್ಡ್ ಉಜ್ಜುವವರು ಆ ಎರಡು ನಿಮಿಷದಲ್ಲಿ ಏನೇನು ಗಮನಿಸುವುದಿಲ್ಲ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಅಷ್ಟನ್ನು ಬರೆಯುತ್ತೇನೆ.

ಮೊದಲು ಲೆಕ್ಕ. 36,000 ರೂಪಾಯಿಯ ಫ್ರಿಜ್, ಆರು ತಿಂಗಳ ನೋ ಕಾಸ್ಟ್ ಇಎಂಐ, ತಿಂಗಳಿಗೆ 6,000 ಅಂತ ಇಟ್ಟುಕೋ. ಆರು ಆರಲಿ ಮೂವತ್ತಾರು, ಬಡ್ಡಿ ಎಲ್ಲಿದೆ ಅಂತ ಕೇಳುತ್ತೀಯ. ಇದೆ. ಬ್ಯಾಂಕ್ ಯಾರಿಗೂ ಬಡ್ಡಿ ಬಿಡುವುದಿಲ್ಲ. ಬ್ಯಾಂಕಿನ ದರ ವರ್ಷಕ್ಕೆ 15 ಪರ್ಸೆಂಟ್ ಆದರೆ ಆರು ತಿಂಗಳಿಗೆ 1,524 ರೂಪಾಯಿ ಬಡ್ಡಿ ಬೀಳುತ್ತದೆ. ಅಷ್ಟನ್ನು ಫ್ರಿಜ್ ಕಂಪನಿಯೋ ಅಂಗಡಿಯೋ ಮೊದಲೇ ಬೆಲೆಯಲ್ಲಿ ಡಿಸ್ಕೌಂಟ್ ಅಂತ ಇಳಿಸುತ್ತದೆ. ಅಂದರೆ ನಿನ್ನ ಕಾರ್ಡಿನ ಮೇಲೆ ಬೀಳುವ ಸಾಲ 34,476. ಅದಕ್ಕೆ ಬಡ್ಡಿ ಸೇರಿ ಮತ್ತೆ 36,000 ಆಗುತ್ತದೆ.

ಇಲ್ಲಿಯವರೆಗೆ ಸರಿ. ಆದರೆ ಆ 1,524 ರೂಪಾಯಿ ಬಡ್ಡಿಗೆ 18 ಪರ್ಸೆಂಟ್ ಜಿಎಸ್‌ಟಿ ಇದೆ. ಬ್ಯಾಂಕಿನಲ್ಲಿ ಮಾಮೂಲಿ ಪರ್ಸನಲ್ ಲೋನ್ ತೆಗೆದುಕೊಂಡರೆ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಇದೆ. ಅದು 274 ರೂಪಾಯಿ. ಅದನ್ನು ಕಂಪನಿ ಕೊಡುವುದಿಲ್ಲ, ನೀನೇ ಕೊಡಬೇಕು. ಇಎಂಐ ಮಾಡಿಕೊಟ್ಟದ್ದಕ್ಕೆ ಬ್ಯಾಂಕ್ ಹಾಕುವ ಪ್ರೊಸೆಸಿಂಗ್ ಫೀ 199 ಅಂತ ಹಿಡಿದರೆ, ಅದಕ್ಕೂ ಜಿಎಸ್‌ಟಿ ಸೇರಿ 235. ಒಟ್ಟು ಐನೂರರ ಮೇಲೆ ಒಂಬತ್ತು ರೂಪಾಯಿ. ಮೊದಲನೇ ಬಿಲ್ಲಿನಲ್ಲಿ 6,000 ಬದಲು 6,312 ಬಂದಾಗ ಗಾಬರಿಯಾಗಬೇಡ. ಬಡ್ಡಿ ಶುರುವಿನಲ್ಲಿ ಜಾಸ್ತಿ ಇರುತ್ತದೆ, ಫೀ ಕೂಡ ಆಗಲೇ ಬೀಳುತ್ತದೆ. ಕೊನೆಯ ಕಂತು 6,013ಕ್ಕೆ ಬಂದು ನಿಲ್ಲುತ್ತದೆ.

ಆರು ತಿಂಗಳ ಅನುಕೂಲಕ್ಕೆ ಐನೂರು ರೂಪಾಯಿ. ನನ್ನ ಪ್ರಕಾರ ಅದು ಅನ್ಯಾಯವೇನಲ್ಲ. ಗೊತ್ತಿದ್ದು ಕೊಡಬೇಕು ಅಷ್ಟೆ.

ಅಂಗಡಿಗಳಲ್ಲಿ ಹಿಂದೆ "ಜೀರೋ ಪರ್ಸೆಂಟ್" ಅಂತ ದೊಡ್ಡ ಬೋರ್ಡ್ ಇರುತ್ತಿತ್ತು. 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿ, ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ, ಅದನ್ನು ಪ್ರೊಸೆಸಿಂಗ್ ಫೀ ರೂಪದಲ್ಲಿ ಗಿರಾಕಿಯಿಂದಲೇ ವಸೂಲಿ ಮಾಡುತ್ತೀರಿ ಅಂತ ಬ್ಯಾಂಕುಗಳಿಗೆ ಬಿಸಿ ಮುಟ್ಟಿಸಿತು. ಆಮೇಲೆ 2022ರ ಕ್ರೆಡಿಟ್ ಕಾರ್ಡ್ ನಿಯಮಗಳು ಬಂದವು. ಇಎಂಐ ಮಾಡುವ ಮುಂಚೆಯೇ ಅಸಲು ಎಷ್ಟು, ಬಡ್ಡಿ ಎಷ್ಟು, ಡಿಸ್ಕೌಂಟ್ ಎಷ್ಟು ಅಂತ ಬೇರೆ ಬೇರೆಯಾಗಿ ತೋರಿಸಬೇಕು, ಬಿಲ್ಲಿನಲ್ಲೂ ಹಾಗೇ ಬರೆಯಬೇಕು. ಬಡ್ಡಿ ಇಟ್ಟುಕೊಂಡು ನೋ ಕಾಸ್ಟ್ ಅಂತ ಹೆಸರು ಹಚ್ಚುವ ಹಾಗಿಲ್ಲ. ಕೇಳುವುದು ನಿನ್ನ ಹಕ್ಕು, ಸಂಕೋಚ ಬೇಡ.

ಕೇಳುವ ಜಾಗ ಯಾವುದು ಗೊತ್ತಾ? ಸ್ವೈಪ್ ಮಷೀನಿನಿಂದ ಬರುವ ಚೀಟಿ. ಹುಡುಗ ಮಷೀನಿನಲ್ಲಿ ಇಎಂಐ ಒತ್ತಿ, ಬ್ಯಾಂಕ್ ಆರಿಸಿ, ತಿಂಗಳು ಆರಿಸಿ, ಪಿನ್ ಹಾಕಿ ಮೇಡಂ ಅನ್ನುತ್ತಾನೆ. ಉದ್ದದ ಚೀಟಿ ಬರುತ್ತದೆ. ಸಾಲದ ಮೊತ್ತ, ಬಡ್ಡಿ ದರ, ತಿಂಗಳ ಕಂತು, ಒಟ್ಟು ಕಟ್ಟುವ ಹಣ, ಎಲ್ಲ ಅದರಲ್ಲೇ ಇರುತ್ತದೆ. ಅದನ್ನು ನಿಂತು ಓದಿದವರನ್ನು ನಾನು ಬೆರಳಲ್ಲಿ ಎಣಿಸಬಹುದು. ಮಡಚಿ ಪರ್ಸಿಗೆ ಹಾಕಿಕೊಂಡು ಡೆಲಿವರಿ ಯಾವಾಗ ಅಂತ ಕೇಳುತ್ತಾರೆ. ನೀನು ಅದರಲ್ಲಿ ಸಾಲದ ಮೊತ್ತ ನೋಡು. 34,476ರ ಹತ್ತಿರ ಇದ್ದರೆ ಡಿಸ್ಕೌಂಟ್ ಬಂದಿದೆ ಅಂತ ಅರ್ಥ. 36,000 ಅಂತಲೇ ಇದ್ದು, ಕಂತು 6,265 ಅಂತ ಇದ್ದರೆ ಬಂದಿಲ್ಲ. "ಅದು ಆಮೇಲೆ ಕ್ಯಾಶ್‌ಬ್ಯಾಕ್ ಬರುತ್ತೆ ಮೇಡಂ" ಅಂತ ಹೇಳಬಹುದು. ಅಂಥ ಸ್ಕೀಮ್‌ಗಳೂ ಇವೆ, ಸುಳ್ಳಲ್ಲ. ಯಾವ ತಿಂಗಳು, ಎಷ್ಟು ಅಂತ ಬಿಲ್ಲಿನ ಮೇಲೆ ಬರೆಸಿಕೋ. ಬಾಯಿಮಾತಿನ ಕ್ಯಾಶ್‌ಬ್ಯಾಕ್ ನೆನಪಿಡುವುದು ಗಿರಾಕಿ ಮಾತ್ರ.

ಇದೆಲ್ಲಕ್ಕಿಂತ ಮುಂಚೆ ಒಂದು ಪ್ರಶ್ನೆ ಇದೆ. ಅಂಗಡಿಗೆ ಹೋದ ತಕ್ಷಣ ಇಎಂಐ ಸುದ್ದಿ ಎತ್ತಬೇಡ. "ಪೂರ್ತಿ ದುಡ್ಡು ಈಗಲೇ ಯುಪಿಐನಲ್ಲಿ ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?" ಅಂತ ಕೇಳು. ಕ್ರೆಡಿಟ್ ಕಾರ್ಡ್ ಉಜ್ಜಿದರೆ ಅಂಗಡಿಯವನಿಗೆ ಚಾರ್ಜ್ ಬೀಳುತ್ತದೆ, ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ಬೀಳುವುದಿಲ್ಲ. ಮೇಲಾಗಿ ಕಂಪನಿ ಸ್ಕೀಮಿನಲ್ಲಿ ಕ್ಯಾಶ್‌ಬ್ಯಾಕ್ ಅಥವಾ ನೋ ಕಾಸ್ಟ್, ಎರಡರಲ್ಲಿ ಒಂದೇ ಅಂತ ಇರುವುದು ಮಾಮೂಲು. ಅದೇ ಫ್ರಿಜ್ 33,500ಕ್ಕೆ ಸಿಗುತ್ತದೆ ಅಂತಾದರೆ ನಿನ್ನ ನೋ ಕಾಸ್ಟ್ ಇಎಂಐಗೆ ಮೂರು ಸಾವಿರದಷ್ಟು ಖರ್ಚು ಬಂತು ಅಲ್ವಾ? ಆ ಬೆಲೆ ಕೇಳದೆ ಯಾವ ಲೆಕ್ಕವೂ ಪೂರ್ತಿಯಾಗುವುದಿಲ್ಲ. ದಸರಾ, ದೀಪಾವಳಿ ಹೊತ್ತಿನಲ್ಲಿ ತಿಂಗಳ ಕೊನೆಗೆ ಹೋಗು. ಟಾರ್ಗೆಟ್ ಮುಟ್ಟಿಸುವ ಅವಸರದಲ್ಲಿರುತ್ತಾರೆ, ಬಗ್ಗುತ್ತಾರೆ.

ಇನ್ನೊಂದು ದಾರಿ ಇದೆ, ಇದು ನಿಜವಾಗಿಯೂ ಬಡ್ಡಿ ಇಲ್ಲದ್ದು. ಇದನ್ನು ಕೌಂಟರಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ನಿನ್ನ ಕಾರ್ಡಿನ ಬಿಲ್ ಪ್ರತಿ ತಿಂಗಳು 12ಕ್ಕೆ ಆಗುತ್ತದೆ ಅಂತಿಟ್ಟುಕೋ. ಜೂನ್ 13ಕ್ಕೆ ಇಎಂಐ ಮಾಡಿಸದೆ ಪೂರ್ತಿ ಮೊತ್ತಕ್ಕೆ ಕಾರ್ಡ್ ಉಜ್ಜಿ ಫ್ರಿಜ್ ತೆಗೆದುಕೊಂಡರೆ ಅದು ಜುಲೈ 12ರ ಬಿಲ್ಲಿಗೆ ಹೋಗುತ್ತದೆ. ಕಟ್ಟುವ ಕಡೇ ದಿನ ಆಗಸ್ಟ್ 1ರ ಹೊತ್ತಿಗೆ. ಸುಮಾರು ಐವತ್ತು ದಿನ. ಅಷ್ಟರಲ್ಲಿ ನಿನಗೆ ಎರಡು ಸಂಬಳ ಬಂದಿರುತ್ತದೆ. ಬಡ್ಡಿ ಇಲ್ಲ, ಫೀ ಇಲ್ಲ, ಜಿಎಸ್‌ಟಿ ಇಲ್ಲ. ಅದೇ ಫ್ರಿಜ್ ಜೂನ್ 11ಕ್ಕೆ ತೆಗೆದುಕೊಂಡಿದ್ದರೆ ಇಪ್ಪತ್ತು ದಿನ ಚಿಲ್ಲರೆ ಮಾತ್ರ. ಬಿಲ್ ಆಗುವ ದಿನ ನಿನ್ನ ಸಂಬಳಕ್ಕೆ ಹೊಂದದಿದ್ದರೆ ಬದಲಿಸಿಕೊಡಿ ಅಂತ ಬ್ಯಾಂಕನ್ನು ಕೇಳಬಹುದು. ಒಂದು ಸಲವಾದರೂ ಬದಲಿಸಿಕೊಡಬೇಕು ಅಂತ ನಿಯಮವೇ ಇದೆ. ಎರಡು ಸಂಬಳದಲ್ಲಿ ತೀರಿಸಲು ಆಗುವಂಥ ಸಾಮಾನಿಗೆ ಇಎಂಐ ಯಾಕೆ ಬೇಕು?

ಈಗ ನಿಜವಾದ ಭಯ ಎಲ್ಲಿದೆ ಅಂತ ಹೇಳುತ್ತೇನೆ. ಅದು ಇಎಂಐನಲ್ಲಿಲ್ಲ. ಅದೇ ಬಿಲ್ಲಿನಲ್ಲಿ ಇಎಂಐ ಕೆಳಗಿರುವ ಬೇರೆ ಸಾಲುಗಳಲ್ಲಿದೆ. ಫ್ರಿಜ್ ಕಂತು 6,000, ದಿನಸಿ, ಊಟದ ಆರ್ಡರ್, ಕ್ಯಾಬ್, ಬಟ್ಟೆ ಎಲ್ಲ ಸೇರಿ 16,000. ಬಿಲ್ 22,000. ಆ ತಿಂಗಳು ಕೈ ಬಿಗಿಯಾಗಿದೆ. "ಇಎಂಐ ಅಂತೂ ಹೋಗಲಿ, ಉಳಿದದ್ದು ಮುಂದಿನ ತಿಂಗಳು ನೋಡೋಣ" ಅಂತ 12,000 ಕಟ್ಟುತ್ತೀಯ. ಉಳಿದ ಹತ್ತು ಸಾವಿರಕ್ಕೆ ಬಡ್ಡಿ ಡ್ಯೂ ಡೇಟಿನಿಂದ, ಅಂದರೆ ಕಟ್ಟುವ ಕಡೇ ದಿನದಿಂದ ಅಲ್ಲ, ನೀನು ಸಾಮಾನು ತೆಗೆದುಕೊಂಡ ದಿನದಿಂದಲೇ ಶುರು. ಸಾಮಾನ್ಯವಾಗಿ ತಿಂಗಳಿಗೆ 3ರಿಂದ 3.75 ಪರ್ಸೆಂಟ್. ವರ್ಷದ ಲೆಕ್ಕ ಹಾಕಿ ನೋಡು. ಅಷ್ಟೇ ಅಲ್ಲ, ಹಳೇ ಬಾಕಿ ಪೂರ್ತಿ ತೀರುವವರೆಗೆ ಹೊಸದಾಗಿ ಉಜ್ಜಿದ್ದಕ್ಕೂ ಆ ಐವತ್ತು ದಿನದ ಸೌಲಭ್ಯ ಸಿಗುವುದಿಲ್ಲ. ಅವತ್ತಿನ ಹಾಲಿನ ಬಿಲ್ಲಿಗೂ ಅವತ್ತಿನಿಂದಲೇ ಬಡ್ಡಿ.

ಬಾಕಿ 40,000 ಆಯಿತು ಅಂತಿಟ್ಟುಕೋ. 3.5 ಪರ್ಸೆಂಟಿನಂತೆ ತಿಂಗಳ ಬಡ್ಡಿ 1,400, ಅದಕ್ಕೆ ಜಿಎಸ್‌ಟಿ 252. ನೀನು 2,000 ಕಟ್ಟಿ ನಿಟ್ಟುಸಿರು ಬಿಡುತ್ತೀಯ. ಸಾಲ ಇಳಿಯುವುದು 348 ರೂಪಾಯಿ. "ಮಿನಿಮಮ್ ಡ್ಯೂ" (ಆ ತಿಂಗಳು ಕನಿಷ್ಠ ಕಟ್ಟಲೇಬೇಕಾದದ್ದು) ಅಂತ ಬಿಲ್ಲಿನ ಮೇಲೆ ದಪ್ಪ ಅಕ್ಷರದಲ್ಲಿ ಬರುವುದು ಈ ತರದ ಮೊತ್ತವೇ. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕಾರ್ಡಿನ ಬಡ್ಡಿ ವರ್ಷಕ್ಕೆ 30 ಪರ್ಸೆಂಟ್ ದಾಟುವ ಹಾಗಿಲ್ಲ ಅಂದಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹಾಗಾಗಿ ಆ ಆಸರೆಯೂ ಈಗಿಲ್ಲ.

ಆದ್ದರಿಂದ ಫ್ರಿಜ್ ತರುವ ಮುಂಚೆಯೇ ಬ್ಯಾಂಕಿನ ಆಪ್ ತೆರೆದು, ಬಿಲ್ಲನ್ನು ಖಾತೆಯಿಂದ ತಾನಾಗಿ ಕಟ್ಟಿಸುವ ಆಟೋ ಪೇ ನೋಡು. ಅದರಲ್ಲಿ "ಟೋಟಲ್ ಡ್ಯೂ" ಅಂತ ಇರಬೇಕು. "ಮಿನಿಮಮ್" ಅಂತ ಇದ್ದರೆ ಅವತ್ತೇ ಬದಲಿಸು. ಕಾರ್ಡ್ ತೆಗೆದುಕೊಳ್ಳುವಾಗ ಯಾರೋ ಏಜೆಂಟ್ ಏನೋ ಟಿಕ್ ಮಾಡಿರುತ್ತಾನೆ, ಎಷ್ಟೋ ಜನ ವರ್ಷಗಟ್ಟಲೆ ನೋಡಿಯೇ ಇರುವುದಿಲ್ಲ. ಇದೊಂದನ್ನು ಮಾಡಿದರೆ ಈ ಪತ್ರದ ಮುಕ್ಕಾಲು ಕೆಲಸ ಆದ ಹಾಗೆ.

ಫ್ರಿಜ್ಜೂ ಮಷೀನೂ ಒಟ್ಟಿಗೆ ಬೇಡ. ಬೆಂಗಳೂರಿನಲ್ಲಿ ಬಟ್ಟೆ ಒಗೆಯದೆ ಆರು ತಿಂಗಳು ಇರಲಾಗದು, ನಿಜ. ಆದರೆ ಲಾಂಡ್ರಿಯವನು ಇದ್ದಾನೆ, ಬಕೆಟ್ ಇದೆ. ಒಂದು ಕಂತು ಮುಗಿಯಲಿ, ಆಮೇಲೆ ಇನ್ನೊಂದು. ನಿನ್ನ ಲಿಮಿಟ್ ಒಂದು ಲಕ್ಷ ಅಂತಿದ್ದರೆ ಫ್ರಿಜ್ ಹಾಕಿದ ದಿನವೇ ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಿಡಿದಿಡುತ್ತಾರೆ. ಕಂತು ಕಟ್ಟಿದ ಹಾಗೆಲ್ಲ ಸ್ವಲ್ಪ ಸ್ವಲ್ಪ ಬಿಡುತ್ತಾರೆ. ಲಿಮಿಟ್ ತುಂಬ ಬಳಸಿದರೆ ಸಾಲ ಕೊಡುವವರು ನೋಡುವ ಅಂಕ, ಸಿಬಿಲ್ ಸ್ಕೋರೂ ಇಳಿಯುತ್ತದೆ. ಮುಂದೆ ಮನೆ ಸಾಲಕ್ಕೆ ಹೋಗುವವಳು ನೀನು, ನೆನಪಿರಲಿ.

ಇನ್ನು ನಿನ್ನ ಗೆಳತಿಯ ವಿಷಯ. ಒಳ್ಳೆ ಹುಡುಗಿಯೇ ಇರಬಹುದು, ನಾನು ಏನೂ ಅನ್ನುವುದಿಲ್ಲ. ಫ್ರಿಜ್ ಇಬ್ಬರದ್ದು, ಕಾರ್ಡ್ ನಿನ್ನದು, ತಿಂಗಳಾ ತಿಂಗಳಾ ಮೂರು ಸಾವಿರ ಅವಳು ಕೊಡುತ್ತಾಳೆ, ಹೀಗಂತ ತಾನೇ ಮಾತಾಗಿರುವುದು? ಅವಳಿಗೆ ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸ ಸಿಕ್ಕರೆ? ಮದುವೆ ಗೊತ್ತಾದರೆ? ಬ್ಯಾಂಕಿಗೆ ಗೊತ್ತಿರುವುದು ನಿನ್ನ ಹೆಸರು ಒಂದೇ. ಗೆಳೆಯನ ಕಾರ್ಡಿನಲ್ಲಿ ಫೋನ್ ತೆಗೆದುಕೊಂಡು ಮೂರನೇ ಕಂತಿನಿಂದ ಮಾತು ಬಿಟ್ಟ ಜೋಡಿಗಳನ್ನು ನಮ್ಮ ಅಂಗಡಿಯಲ್ಲೇ ನೋಡಿದ್ದೇನೆ. ಒಬ್ಬ ಬಂದು "ಅಣ್ಣಾ, ಆ ಇಎಂಐ ಅವನ ಕಾರ್ಡಿಗೆ ಬದಲಿಸಿ ಕೊಡಿ" ಅಂತ ಕೇಳುತ್ತಿದ್ದ. ಆಗುವುದಿಲ್ಲ. ಅದರ ಬದಲು ಫ್ರಿಜ್ ನೀನು ಪೂರ್ತಿ ನಿನ್ನ ದುಡ್ಡಲ್ಲೇ ತೆಗೆದುಕೋ, ಮಷೀನ್ ಅವಳು ತೆಗೆದುಕೊಳ್ಳಲಿ. ಹೋಗುವಾಗ ಅವರವರ ಸಾಮಾನು ಅವರವರು ಒಯ್ಯಬಹುದು. ಮಷೀನಿನ ಕಂತೂ ನಿನ್ನ ತಲೆ ಮೇಲಿರುವುದಿಲ್ಲ. ಅವಳಾಗಲಿ, ಆಫೀಸಿನವರಾಗಲಿ "ನಿನ್ನ ಕಾರ್ಡಲ್ಲಿ ಆಫರ್ ಇದೆ, ಒಂದು ಸಲ ಉಜ್ಜು" ಅಂದರೆ, "ನಮ್ಮ ಮಾವ ಬೈತಾರೆ" ಅಂತ ಹೇಳು. ಆ ಕೆಟ್ಟ ಹೆಸರು ನನಗಿರಲಿ.

ಸಾಮಾನು ವಾಪಸ್ ಕೊಡುವ ಪ್ರಸಂಗ ಬಂದರೆ, ಅಂಗಡಿ ದುಡ್ಡು ಮರಳಿಸಿದ ಮಾತ್ರಕ್ಕೆ ಇಎಂಐ ತಾನಾಗಿ ನಿಂತಿರುತ್ತದೆ ಅಂತ ಸುಮ್ನೆ ಕೂರಬೇಡ. ಬ್ಯಾಂಕಿಗೆ ಹೇಳಿ ರದ್ದು ಮಾಡಿಸಿ, ಮುಂದಿನ ಬಿಲ್ಲಿನಲ್ಲಿ ನೋಡು. ಪ್ರೊಸೆಸಿಂಗ್ ಫೀ ಸಾಮಾನ್ಯವಾಗಿ ಹೋದದ್ದು ಹೋದ ಹಾಗೇ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ಕ್ಯಾಶ್ ಮಾತ್ರ ತೆಗೆಯಬೇಡ. ಅದಕ್ಕೆ ಒಂದು ದಿನದ ರಿಯಾಯಿತಿಯೂ ಇಲ್ಲ, ಮೇಲೆ ಚಾರ್ಜ್ ಬೇರೆ.

ಇಷ್ಟೆಲ್ಲ ಆದಮೇಲೂ ಯಾವುದೋ ತಿಂಗಳು ಸಿಕ್ಕಿಬಿದ್ದೆ ಅಂತಿಟ್ಟುಕೋ. ಆಸ್ಪತ್ರೆ ಖರ್ಚು, ಕೆಲಸದ ತೊಂದರೆ, ಏನಾದರೂ ಬರಬಹುದು. ಆಗ ಮಿನಿಮಮ್ ಕಟ್ಟಿಕೊಂಡು ಎಳೆಯಬೇಡ. ಇರುವ ಬಾಕಿಯನ್ನೇ ಇಎಂಐಗೆ ಬದಲಿಸಿಕೊಡಿ ಅಂತ ಬ್ಯಾಂಕನ್ನು ಕೇಳು. ಅದಕ್ಕೂ ಬಡ್ಡಿ ಇದೆ, ಆದರೆ ತಿಂಗಳಿಗೆ ಮೂರೂವರೆಯ ಮುಂದೆ ಎಷ್ಟೋ ವಾಸಿ. ಇಲ್ಲವೇ ನಿನ್ನ ಬಳೆ ಇಟ್ಟು ಬ್ಯಾಂಕಿನಲ್ಲಿ ಚಿನ್ನದ ಸಾಲ ಮಾಡಿ ಕಾರ್ಡಿನ ಬಾಕಿ ಒಂದೇ ಏಟಿಗೆ ತೀರಿಸು. ಅದಕ್ಕೂ ಮುಂಚೆ ನನಗೆ ಫೋನ್ ಮಾಡು. ನಿಮ್ಮಮ್ಮನಿಗೆ ಹೇಳುವುದಿಲ್ಲ.

ಈ ಭಾನುವಾರ ಎರಡು ಅಂಗಡಿಗೆ ಹೋಗಿ ಒಂದೇ ಮಾಡೆಲ್ಲಿಗೆ ಕ್ಯಾಶ್ ಬೆಲೆ ಮತ್ತು ಇಎಂಐ ಬೆಲೆ ಎರಡನ್ನೂ ಬರೆಸಿಕೊಂಡು, ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕು. ಮಾಡೆಲ್ ನಂಬರ್ ಕಾಣುವ ಹಾಗಿರಲಿ. ಇಬ್ಬರೇ ಇರುವ ಮನೆಗೆ ಅಷ್ಟು ದೊಡ್ಡ ಡಬಲ್ ಡೋರ್ ಯಾಕೆ ಅನ್ನುವುದನ್ನೂ ಆವಾಗ ಮಾತಾಡೋಣ.

ಇಂತಿ,
ನಿನ್ನ ಮಾವ