ಭಾನುವಾರದ ಮಾತುಕತೆ: ಬರುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 5 ಗಂಟೆಗೆ ಗುಂಪಿನ ವೀಡಿಯೊ ಕಾಲ್ ಇದೆ. ವಿಷಯ: ಸಲಿಂಗ ಮದುವೆ. ಹೋದ ವಾರ ಇಲ್ಲೇ ಜಗಳ ಆಯಿತಲ್ಲ, ಅದಕ್ಕೇ.

ಆವತ್ತು ಒಂದು ಜೋಕಿನ ಕೆಳಗೆ ನಗುವ ಮುಖಗಳು ಸಾಲಾಗಿ ಬಿದ್ದವು. ಅದೇ ಹೊತ್ತಿಗೆ ಒಬ್ಬರು ಟೈಪ್ ಮಾಡುತ್ತಿರುವುದು ಕಾಣಿಸಿತು, ನಿಂತಿತು, ಮತ್ತೆ ಕಾಣಿಸಿತು. ಮೆಸೇಜ್ ಮಾತ್ರ ಬರಲಿಲ್ಲ. ರಾತ್ರಿ ಅವರು ಗುಂಪು ಬಿಟ್ಟರು. ಆ ಜೋಕಿಗೆ ನಾನೂ ನಕ್ಕಿದ್ದೆ.

ಇಷ್ಟು ತಿಳಿದಿರಲಿ. ಸಲಿಂಗ ಮದುವೆಗೆ ಮೊದಲು ಕಾನೂನಿನ ಒಪ್ಪಿಗೆ ಕೊಟ್ಟ ದೇಶ ನೆದರ್‌ಲ್ಯಾಂಡ್ಸ್, 2001ರಲ್ಲಿ. ಏಷ್ಯಾದಲ್ಲಿ ತೈವಾನ್, 2019ರಲ್ಲಿ. ಭಾರತದಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಮದುವೆಗೆ ಮಾನ್ಯತೆ ಕೊಡುವುದು ಸಂಸತ್ತಿಗೆ ಬಿಟ್ಟದ್ದು ಎಂದಿದ್ದು 2023ರಲ್ಲಿ. ಈ ಎರಡನ್ನೂ ಬೆರೆಸಿ ವಾದ ಮಾಡಬೇಡಿ, ಹೋದ ಸಲ ಅದೇ ಆಗಿದ್ದು.

ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ, ನಾನು ಒಪ್ಪುವವರ ಕಡೆ. ಮದುವೆ ಅಂದರೆ ಸುಮ್ನೆ ಊಟ, ಹಾರ ಅಲ್ಲ ಅಲ್ವಾ? ಆಪರೇಷನ್ನಿಗೆ ಸಹಿ ಯಾರು ಹಾಕಬೇಕು, ಒಬ್ಬರು ಹೋದ ಮೇಲೆ ಮನೆ ಯಾರಿಗೆ ಅನ್ನುವುದೂ ಅದರಲ್ಲೇ ಇದೆ. ಒಪ್ಪದವರೂ ಖಂಡಿತ ಬನ್ನಿ.

ಒಬ್ಬೊಬ್ಬರಿಗೆ 3 ನಿಮಿಷ. ಫಾರ್ವರ್ಡ್ ಬೇಡ. ‘ಇವರು ಹಾಗಂತೆ’ ಎಂದು ಯಾರ ಹೆಸರನ್ನೂ ಎತ್ತಬೇಡಿ, ರೆಕಾರ್ಡ್ ಅಂತೂ ಬೇಡವೇ ಬೇಡ. ಸುಮ್ಮನೆ ಕೇಳಿಸಿಕೊಳ್ಳುವವರು ಕ್ಯಾಮೆರಾ ಆಫ್ ಮಾಡಿಕೊಳ್ಳಬಹುದು.

ಬರುವವರು ಶುಕ್ರವಾರದೊಳಗೆ ‘ಬರ್ತೀನಿ’ ಎಂದು ಹಾಕಿ. ಇಲ್ಲಿ ಹೇಳಲು ಮುಜುಗರವಾದರೆ ನನಗೇ ಮೆಸೇಜ್ ಮಾಡಿ.