ದುರ್ಗದ ಮ್ಯೂಸಿಯಂಗೆ ಮಕ್ಕಳ ದನಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಧಾರವಾಡದ ಮಳೆ, ಅಮ್ಮನ ಮಂಡಿನೋವು, ಹೊಸ ಹೆಡ್‌ಮಾಸ್ಟರು, ಎಲ್ಲ ಬರೆದು ಕೊನೆಯ ಸಾಲಿನಲ್ಲಿ ಕೇಳಿದ್ದೀಯ: "ನಿಮ್ಮ ಒಂಬತ್ತನೇ ಕ್ಲಾಸಿನವರು ಮ್ಯೂಸಿಯಂಗೆ ಆಡಿಯೋ ಗೈಡ್ ಮಾಡಿದರಂತಲ್ಲ, ನಮ್ಮಲ್ಲೂ ಆದೀತಾ?" ಖಂಡಿತ ಆಗುತ್ತದೆ. ಈ ಕೆಲಸ ನಮ್ಮ ಮಕ್ಕಳಿಗೆ ಏನು ಕಲಿಸಿತು ಅನ್ನುವುದನ್ನೇ ಹೆಚ್ಚು ಬರೆಯಬೇಕೆನಿಸಿದೆ, ಓದು.

ರಂಗಯ್ಯನ ಬಾಗಿಲ ಹತ್ತಿರದ ಸರ್ಕಾರಿ ವಸ್ತುಸಂಗ್ರಹಾಲಯ ನಿನಗೆ ನೆನಪಿರಬೇಕು. ದುರ್ಗಕ್ಕೆ ಬಂದವರು ಏಳು ಸುತ್ತಿನ ಕೋಟೆ ಹತ್ತಿ, ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು ಬಸ್ಸು ಹಿಡಿಯುತ್ತಾರೆ. ಮ್ಯೂಸಿಯಂವರೆಗೂ ಬರುವವರು ಕಡಿಮೆ. ಬಂದರೂ ಒಂದು ಮಡಕೆ ಚೂರಿನ ಮುಂದೆ ಎಷ್ಟು ಹೊತ್ತು ನಿಂತಾರು? ಅಂಗೈಯಗಲದ ಚೀಟಿಯಲ್ಲಿ ಎರಡು ಸಾವಿರ ವರ್ಷದ ಸಂಗತಿ ಹಿಡಿಸುವುದೂ ಇಲ್ಲ. ಓದು ಬಾರದವರಿಗೆ, ಕಣ್ಣು ಮಂಜಾದ ಹಿರಿಯರಿಗೆ ಆ ಚೀಟಿಯೂ ಇಲ್ಲದಂತೆಯೇ. ವಸ್ತುವಿನ ಕಥೆಯನ್ನು ಮುದ್ರಿಸಿದ ದನಿಯಲ್ಲಿ ಕಿವಿಗೆ ಹೇಳುವ ಈ ಆಡಿಯೋ ಗೈಡ್ ಪದ್ಧತಿ ಹಳೆಯದೇ. ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡೆಲಿಕ್ ಮ್ಯೂಸಿಯಂ 1952ರಲ್ಲೇ ರೇಡಿಯೊ ಅಲೆಗಳ ಮೂಲಕ ಹಾಗೆ ಮಾಡಿ ತೋರಿಸಿತ್ತು. ಈಗ ಅದಕ್ಕೆ ಮನೆಯಲ್ಲಿರುವ ಫೋನೇ ಸಾಕು.

ಮೊದಲು ಮಕ್ಕಳು ಬರೆದು ತಂದದ್ದೆಲ್ಲ ಪಠ್ಯಪುಸ್ತಕದ ಸಾಲುಗಳು. ಒಬ್ಬ ಹುಡುಗನಂತೂ ವಾರ್ತೆ ಓದುವವರ ಹಾಗೆ ಬಿಗಿಯಾಗಿ ನಿಂತು ಓದಿದ. "ಹೊಳಲ್ಕೆರೆಯಿಂದ ನಿನ್ನ ಸೋದರತ್ತೆ ಬಂದಿದ್ದಾರೆ, ಈ ಕಲ್ಲಿನ ಮುಂದೆ ನಿಂತಿದ್ದಾರೆ, ಅವರಿಗೆ ಹೇಳು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತೆ, ಕೆಳಗಿಂದ ನೋಡ್ಕೊಂಡು ಬಾ" ಅಂದ. ಅವನ ಮುಂದಿದ್ದದ್ದು ವೀರಗಲ್ಲು. ಅದನ್ನು ನೋಡಬೇಕಾದ ಕ್ರಮವೇ ಅದು: ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರ. ಮೇಲಿಂದ ನೋಡಿದವರಿಗೆ ಕಥೆ ತಿರುವುಮುರುವಾಗುತ್ತದೆ. ಕೇಳುಗನ ಕಣ್ಣನ್ನು ಹೀಗೆ ಒಂದೊಂದೇ ಹೆಜ್ಜೆ ಮೇಲಕ್ಕೆ ಕರೆದೊಯ್ಯುವುದು ದನಿಯಿಂದ ಮಾತ್ರ ಆಗುವ ಕೆಲಸ. ಆಮೇಲೆ ಎಲ್ಲರೂ ಮೊದಲ ವಾಕ್ಯದಲ್ಲೇ ಎಲ್ಲಿ ನೋಡಬೇಕು ಅಂತ ಹೇಳತೊಡಗಿದರು.

ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಮಡಕೆ ಚೂರಿನ ಪ್ರಸಂಗ. ನಮ್ಮೂರ ಪಕ್ಕದ ಚಂದ್ರವಳ್ಳಿಯಲ್ಲಿ ನೆಲ ಅಗೆದಾಗ ಸಿಕ್ಕ ಚೂರುಗಳ ಬಗ್ಗೆ ಬರೆಯುತ್ತಿದ್ದ ಹುಡುಗಿ "ಇವು ಸುಮಾರು ಎರಡು ಸಾವಿರ ವರ್ಷ ಹಳೆಯವು" ಅಂತ ಬರೆದಳು. ಪಕ್ಕದವಳು ಕೇಳಿದಳು, "ಅದು ಯಾರಿಗೆ ಗೊತ್ತು? ಮಡಕೆ ಮೇಲೆ ತಾರೀಕು ಬರೆದಿತ್ತಾ?" ಅಲ್ಲಿಗೆ ಆ ದಿನದ ಬರವಣಿಗೆ ನಿಂತಿತು. ಉತ್ತರ ಹುಡುಕುತ್ತಾ 1947ರವರೆಗೆ ಹೋದೆವು. ಆ ವರ್ಷ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ನಮ್ಮ ಚಂದ್ರವಳ್ಳಿಯಲ್ಲೂ ನೆಲ ಅಗೆಸಿದರು. ಅದಕ್ಕೂ ಮೊದಲೇ ಮೈಸೂರಿನ ಡಾ. ಎಂ. ಎಚ್. ಕೃಷ್ಣ ಚಂದ್ರವಳ್ಳಿಯಲ್ಲಿ ಅಗೆದು ನೋಡಿದ್ದರು. ಅಲ್ಲಿ ಸಿಕ್ಕವುಗಳಲ್ಲಿ ರೋಮನ್ ಬೆಳ್ಳಿ ನಾಣ್ಯಗಳೂ ಇದ್ದವು, ಚಕ್ರವರ್ತಿ ಟೈಬೀರಿಯಸ್‌ನದೂ ಇತ್ತು. ಟೈಬೀರಿಯಸ್ ರೋಮ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಅವನ ನಾಣ್ಯ ಮಣ್ಣಿನ ಒಂದು ಪದರದೊಳಗೆ ಸಿಕ್ಕರೆ ಆ ಪದರ ಅವನು ಪಟ್ಟಕ್ಕೆ ಬರುವ ಮುಂಚಿನದಾಗಿರಲಾರದು. ಅದೇ ಬಗೆಯ ಮಡಕೆಗಳು ಪುದುಚೇರಿ ಹತ್ತಿರದ ಅರಿಕಮೇಡಿನಲ್ಲೂ ರೋಮನ್ ಸಾಮಾನುಗಳ ಜೊತೆ ಸಿಕ್ಕಿದ್ದವು. ಗೊತ್ತಿರುವ ಕಾಲವನ್ನು ಹಿಡಿದು ಗೊತ್ತಿಲ್ಲದ ಮಡಕೆಯ ಕಾಲ ಕಟ್ಟುವುದು ಅಂದರೆ ಇದು.

ಆ ಹುಡುಗಿ ಕೂಡಲೇ ಇನ್ನೊಂದು ಕೇಳಿದಳು: "ಸಾರ್, ಹಳೇ ನಾಣ್ಯ ಯಾರೋ ಮನೇಲಿ ಇಟ್ಟುಕೊಂಡು ನೂರು ವರ್ಷ ಆದ್ಮೇಲೆ ಕಳ್ಕೊಂಡಿರಬಹುದಲ್ವಾ?" ನೋಡು, ಇತಿಹಾಸದ ಪಾಠದಲ್ಲಿ ಇಷ್ಟು ವರ್ಷ ನಾನು ಕಾಯುತ್ತಿದ್ದ ಪ್ರಶ್ನೆ ಇದೇ. ಹೌದು, ಆಗಿರಬಹುದು. ಅದಕ್ಕೇ ಒಂದು ನಾಣ್ಯವನ್ನೇ ನಂಬಿ ಯಾರೂ ಕೂರುವುದಿಲ್ಲ. ಮೇಲಿನ ಪದರ, ಕೆಳಗಿನ ಪದರ, ಬೇರೆ ಊರಿನ ಮಡಕೆ ಎಲ್ಲವನ್ನೂ ಒಟ್ಟಿಗಿಟ್ಟು ನೋಡುತ್ತಾರೆ. ಅವಳ ಒಂದೂವರೆ ನಿಮಿಷದ ಧ್ವನಿಯಲ್ಲಿ ಈ ಅನುಮಾನವೂ ಇದೆ. ಪರೀಕ್ಷೆಗೆ ಉತ್ತರ ಬರೆಯುವಾಗ ಯಾವ ಮಗುವೂ ಹೀಗೆ ಕೇಳುವುದಿಲ್ಲ. ಎದುರಿಗೆ ಒಬ್ಬ ಕೇಳುಗನಿದ್ದಾನೆ, ಅವನು ತನ್ನ ಮಾತು ನಂಬುತ್ತಾನೆ ಅನ್ನುವ ಜವಾಬ್ದಾರಿ ಹೆಗಲೇರಿದಾಗ ಕೇಳುತ್ತದೆ.

ಓಬವ್ವನ ವಿಷಯಕ್ಕೆ ಬಂದಾಗ ದೊಡ್ಡ ವಾಗ್ವಾದವೇ ನಡೆಯಿತು. ಮ್ಯೂಸಿಯಂನ ಕತ್ತಿ ಗುರಾಣಿಗಳ ಎದುರು ಅವಳ ಹೆಸರು ಹೇಳದಿದ್ದರೆ ದುರ್ಗದ ಯಾವ ಮಗುವಿಗೂ ಸಮಾಧಾನವಿಲ್ಲ. ಹೈದರಾಲಿ 1779ರಲ್ಲಿ ಕೋಟೆ ಗೆದ್ದದ್ದು, ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು ಇತಿಹಾಸದಲ್ಲಿ ದಾಖಲಾದ ಸಂಗತಿ. ಕಹಳೆ ಕಾವಲಿನವನ ಹೆಂಡತಿ ನೀರಿಗೆ ಹೋದವಳು, ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳನ್ನು ಒನಕೆಯಿಂದ ಹೊಡೆದು ಕೆಡವಿದ್ದು ಈ ಊರಿನ ಜನ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದದ್ದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಎರಡಕ್ಕೂ ಅನ್ಯಾಯ. ಕಥೆಯನ್ನು ಬಿಟ್ಟುಬಿಡೋಣ ಅಂದ ಹುಡುಗನ ಮೇಲೆ ಹುಡುಗಿಯರು ಮುಗಿಬಿದ್ದರು. ಕೊನೆಗೆ ದಾರಿ ಕಂಡದ್ದೂ ಅವರಿಗೇ. ದಾಖಲೆಯ ಭಾಗವನ್ನು ಒಬ್ಬ ವಿದ್ಯಾರ್ಥಿ ಹೇಳುತ್ತಾನೆ. "ನಮ್ಮಜ್ಜಿ ಹೇಳ್ತಾಳೆ ಕೇಳಿ" ಎಂದು ನಿಲ್ಲಿಸುತ್ತಾನೆ. ಅಲ್ಲಿಂದ ಮುಂದೆ ನಿಜವಾಗಿಯೂ ಒಬ್ಬ ಅಜ್ಜಿಯ ದನಿ. ಯಾವುದು ಎಲ್ಲಿಂದ ಬಂತು ಅನ್ನುವುದು ಕೇಳುವವರಿಗೆ ದನಿಯಲ್ಲೇ ಗೊತ್ತಾಗುತ್ತದೆ. ಆ ಅಜ್ಜಿ ಕಥೆ ಹೇಳುವ ಗತ್ತು ನೀನು ಕೇಳಬೇಕು, ಒನಕೆ ಎತ್ತಿದ ಕಡೆ ಉಸಿರೇ ಹಿಡಿಯುತ್ತಾಳೆ.

ಇನ್ನು ನೀನು ಕೇಳಿದ ಕೆಲಸದ ವಿವರ. ಮೊದಲು ಮ್ಯೂಸಿಯಂನವರ ಒಪ್ಪಿಗೆ ಬರವಣಿಗೆಯಲ್ಲಿ ತಗೋ, ಮಕ್ಕಳ ದನಿ ಬಳಸಲು ಪೋಷಕರದ್ದೂ ತಗೋ. ಒಂದು ವಸ್ತುವಿಗೆ ಒಂದೂವರೆ ನಿಮಿಷ ಮೀರಬಾರದು, ಅಷ್ಟರಮೇಲೆ ಕಾಲು ಮುಂದಕ್ಕೆ ಹೋಗುತ್ತದೆ. ಧ್ವನಿಮುದ್ರಣಕ್ಕೆ ಮ್ಯೂಸಿಯಂ ಬೇಡ, ಫ್ಯಾನು, ಆಟೊ ಹಾರ್ನು ಎಲ್ಲ ಸೇರಿಕೊಳ್ಳುತ್ತದೆ. ನಾವು ಶಾಲೆಯ ಉಗ್ರಾಣದಲ್ಲಿ ಸುತ್ತ ಜಮಖಾನೆ ಕಟ್ಟಿ ಮಾಡಿದೆವು. ಕತ್ತರಿಸಿ ಜೋಡಿಸಲು ಅಡಾಸಿಟಿ ಅನ್ನುವ ಉಚಿತ ತಂತ್ರಾಂಶವಿದೆ, ಹುಡುಗರು ನನಗಿಂತ ಬೇಗ ಕಲಿತರು. ವಸ್ತುವಿನ ಪಕ್ಕ ಕ್ಯೂಆರ್ ಕೋಡ್ ಅಂಟಿಸುವುದು ಸುಲಭ. ಆದರೆ ದಪ್ಪ ಗೋಡೆಯೊಳಗೆ ನೆಟ್‌ವರ್ಕ್ ಸಿಗದಿದ್ದರೆ ಏನು ಪ್ರಯೋಜನ? ಬಾಗಿಲಲ್ಲೇ ಎಲ್ಲ ಧ್ವನಿಯನ್ನೂ ಒಟ್ಟಿಗೆ ಇಳಿಸಿಕೊಳ್ಳುವ ಒಂದು ಕೋಡ್ ಇಡಿ. ಬರೆದದ್ದನ್ನು ಹೊರಗಿನ ತಿಳಿದವರಿಗೆ ತೋರಿಸದೆ ಮಾತ್ರ ಯಾವುದನ್ನೂ ಹೊರಬಿಡಬೇಡ.

ನಿನಗೆ ದೂರ ಹೋಗುವ ಅಗತ್ಯವೂ ಇಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲೇ ಕನ್ನಡ ಸಂಶೋಧನ ಸಂಸ್ಥೆಯ ಮ್ಯೂಸಿಯಂ ಇದೆಯಲ್ಲ, ಅಲ್ಲಿಗೆ ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗು. ಪೆನ್ನು ಪುಸ್ತಕ ಬೇಡ. ಪ್ರತಿಯೊಬ್ಬರೂ ಒಂದೇ ವಸ್ತು ಆರಿಸಿಕೊಂಡು ಅದರ ಮುಂದೆ ಹತ್ತು ನಿಮಿಷ ನಿಂತು, ತಮಗೆ ಅರ್ಥವಾಗದ ಮೂರು ಸಂಗತಿ ಹೇಳಲಿ. ಬರೆಯುವುದು ಅಲ್ಲಿಂದ ಶುರುವಾಗಲಿ.

ನಮ್ಮ ಮಕ್ಕಳ ಧ್ವನಿಗಳನ್ನು ಇವತ್ತೇ ನಿನ್ನ ಫೋನಿಗೆ ಕಳಿಸುತ್ತೇನೆ. ನಿನ್ನ ಕ್ಲಾಸಿನಲ್ಲಿ ಕೇಳಿಸು. ಎಲ್ಲಿ ಬೇಸರವಾಯಿತು, ಯಾವ ಮಾತು ತಿಳಿಯಲಿಲ್ಲ, ಯಾವುದನ್ನು ನಂಬಲಾಗಲಿಲ್ಲ ಅಂತ ನಿನ್ನ ಹುಡುಗರೇ ನಮ್ಮ ಹುಡುಗರಿಗೆ ಪತ್ರ ಬರೆಯಲಿ. ದಸರಾ ರಜೆಗೆ ಮುಂಚೆ ಬಂದರೆ ತಿದ್ದಿ ಮತ್ತೆ ಮುದ್ರಿಸುತ್ತೇವೆ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ,
ಚಿತ್ರದುರ್ಗ